ಮಿಂಟನ್ ಟೈಲ್: ಮೋಸ ಹೋದೆನಾ?

ಬರ್ಮಿಂಗ್‌ಹ್ಯಾಮ್‌ನ ಹಳೇ ಸಾಮಾನಿನ ಸಂತೆಯಲ್ಲಿ ಇಂಗ್ಲೆಂಡಿನ ಹಳೇ ಪಿಂಗಾಣಿ ಕಂಪನಿ ಮಿಂಟನ್‌ನದು ಅಂತ 6 ಇಂಚಿನ ಟೈಲ್ ಒಂದು ತಂದೆ. ನರಿ, ಕೊಕ್ಕರೆ ಚಿತ್ರ, ಕಂದು ಬಣ್ಣ. ಹಿಂದೆ ‘ಮಿಂಟನ್ಸ್ ಚೈನಾ ವರ್ಕ್ಸ್, ಸ್ಟೋಕ್ ಆನ್ ಟ್ರೆಂಟ್’ ಅಂತ ಉಬ್ಬಕ್ಷರ. ಆದರೆ ಮೇಲೆಲ್ಲ ಕೂದಲೆಳೆಯಂಥ ಬಿರುಕು. ಅಸಲಿನಾ?

ಉತ್ತರ 1: ಬಿರುಕಿಗೆ ಹೆದರಬೇಡಿ. ಅದು ಮೇಲಿನ ಹೊಳಪಿನ ಲೇಪದ್ದು. ಒಳಗಿನ ಮಣ್ಣು ವರ್ಷಗಟ್ಟಲೆ ತೇವ ಹೀರಿ ಹಿಗ್ಗುತ್ತದೆ, ಲೇಪ ಹಿಗ್ಗುವುದಿಲ್ಲ, ಅದಕ್ಕೇ ಸೀಳುತ್ತದೆ. ಮೂಲೆ ಮುಕ್ಕಾಗಿದ್ದರೆ ಬೆಲೆ ಇಳಿಯುತ್ತದೆ. 1870ರ ದಶಕದಲ್ಲಿ ಜಾನ್ ಮೊಯರ್ ಸ್ಮಿತ್ ಎಂಬ ಕಲಾವಿದರು ಮಿಂಟನ್‌ಗಾಗಿ ಈಸೋಪನ ಕಥೆಗಳ ಚಿತ್ರ ಸರಣಿ ಬರೆದಿದ್ದರು, ನಿಮ್ಮದೂ ಅದೇ ಇರಬಹುದು.

ಉತ್ತರ 2: ಹಿಂದೆ ಗಾರೆ ಅಂಟಿದೆಯಾ? ಆಸಿಡ್ ಮಾತ್ರ ಬೇಡ. ನಾನು ಸುಮ್ನೆ ಉಳಿ ಹಿಡಿದು ಕೆತ್ತಲು ಹೋಗಿ ಒಂದನ್ನು ಎರಡು ಹೋಳು ಮಾಡಿಕೊಂಡೆ. ನೀರಲ್ಲಿ ನೆನೆಸಿ, ನಿಧಾನಕ್ಕೆ ತೆಗೀರಿ.

ಕೇಳಿದವರು: ಗಾರೆ ಇದೆ, ಇವತ್ತೇ ಬಕೆಟ್‌ಗೆ ಹಾಕಿದೆ!