ಸಿರಿವಂತರು ಜಾಲತಾಣಗಳನ್ನು ಕೊಳ್ಳಬೇಕೇ? ಟ್ವಿಟರ್ ಖರೀದಿಯ ಸುತ್ತ ಒಂದು ಚರ್ಚೆ

ಸುಮಾ:
ಇಲಾನ್ ಮಸ್ಕ್ ಅವರು 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ (ಈಗಿನ ಎಕ್ಸ್) ಕೊಂಡದ್ದು 44 ಶತಕೋಟಿ ಡಾಲರ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ ಮೂರೂವರೆ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಬೆಲೆಗೆ. ಅದರ ಹಿಂದಿನ ವರ್ಷವಷ್ಟೇ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಡೇವಿಡ್ ಬೀಸ್ಲಿ ಅವರು ಹಸಿವಿನಿಂದ ಸಾವಿನಂಚಿಗೆ ಬಂದ 4.2 ಕೋಟಿ ಜನರಿಗಾಗಿ 6 ಶತಕೋಟಿ ಡಾಲರ್ ಕೇಳಿದ್ದರು. ಖರ್ಚಿನ ವಿವರ ಕೊಟ್ಟರೆ ಷೇರು ಮಾರಿ ಕೊಡುತ್ತೇನೆ ಎಂದು ಮಸ್ಕ್ ಹೇಳಿದರು. ಆ ಸಂಸ್ಥೆ ವಿವರ ಪ್ರಕಟಿಸಿತು. ಆದರೆ ಅವರು ಆ ವರ್ಷ ದಾನ ಮಾಡಿದ ಷೇರುಗಳು ಹೋಗಿದ್ದು ಅವರದೇ ಪ್ರತಿಷ್ಠಾನಕ್ಕೆ. ನಮ್ಮ ಸರ್ಕಾರಿ ಶಾಲೆಗಳ ಮಕ್ಕಳಿಗೆ ವಾರದಲ್ಲಿ ಆರು ದಿನವೂ ಮೊಟ್ಟೆ ಸಿಗಲೆಂದು ಅಜೀಂ ಪ್ರೇಮ್‌ಜಿ ಫೌಂಡೇಷನ್ 2024ರಲ್ಲಿ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಈ ಎರಡು ಮೊತ್ತಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಜಾಲತಾಣದ ಖರೀದಿಯನ್ನು ಸಮರ್ಥಿಸಲು ನನಗೆ ಸಾಧ್ಯವಾಗುವುದಿಲ್ಲ.

ರಮಾನಂದ:
ಸುಮಾ ಅವರೇ, ದಾನ ಮಾಡದವರು ಏನನ್ನೂ ಕೊಳ್ಳಬಾರದು ಎಂಬ ನಿಯಮವನ್ನು ನಾವು ಬೇರೆ ಯಾರಿಗೂ ಹಾಕುವುದಿಲ್ಲ. ಪ್ರತಿ ಷೇರಿಗೆ 54.20 ಡಾಲರ್ ಕೊಡುತ್ತೇನೆಂದು ಅವರು ಮುಂದೆ ಬಂದಾಗ ಮೊದಲು ತಡೆದ ನಿರ್ದೇಶಕ ಮಂಡಳಿಯೇ, ಅವರು ಹಿಂದೆ ಸರಿದಾಗ ಕೊಂಡೇ ತೀರಬೇಕೆಂದು ಅಮೆರಿಕದ ಡೆಲವೇರ್ ರಾಜ್ಯದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಹಳೆಯ ಟ್ವಿಟರ್ ಪ್ರಜಾಪ್ರಭುತ್ವದ ಸಂಸ್ಥೆಯೇನೂ ಆಗಿರಲಿಲ್ಲ. ಡೊನಾಲ್ಡ್ ಟ್ರಂಪ್ ಅವರ ಖಾತೆಯನ್ನು 2021ರ ಜನವರಿಯಲ್ಲಿ ಮುಚ್ಚಿದ ಅಧಿಕಾರಿಗಳನ್ನು ಚುನಾಯಿಸಿದವರು ಯಾರು? ಹೊಸ ಮಾಲೀಕರು, ಯಾರಿಗೆ ಯಾವ ಬರಹ ತೋರಿಸಬೇಕೆಂದು ನಿರ್ಧರಿಸುವ ಅಲ್ಗಾರಿದಮ್‌ನ ಕೋಡ್‌ನಲ್ಲಿ ಒಂದು ಭಾಗವನ್ನಾದರೂ 2023ರ ಮಾರ್ಚ್‌ನಲ್ಲಿ ಬಹಿರಂಗಪಡಿಸಿದರು. ಹಿಂದಿನವರು ಅಷ್ಟನ್ನೂ ಮಾಡಿರಲಿಲ್ಲ.

ಲೆಕ್ಕಿಗ:
ಮಸ್ಕ್ ಕೊಂಡದ್ದು ‘ಅವರ ಹಣ’ದಿಂದ ಎಂದೇ ನೀವಿಬ್ಬರೂ ಮಾತನಾಡುತ್ತಿದ್ದೀರಿ. ನನ್ನ ಆಕ್ಷೇಪ ಅಲ್ಲಿಯೇ ಇದೆ. ಆ 44 ಶತಕೋಟಿಯಲ್ಲಿ ಸುಮಾರು 13 ಶತಕೋಟಿ ಬ್ಯಾಂಕ್ ಸಾಲವಾಗಿತ್ತು, ಮತ್ತು ಆ ಸಾಲ ಬಿದ್ದದ್ದು ಮಸ್ಕ್ ಅವರ ಹೆಸರಿಗಲ್ಲ, ಟ್ವಿಟರ್ ಕಂಪನಿಯ ಹೆಸರಿಗೆ. ಒಬ್ಬರು ಹೊಲ ಕೊಳ್ಳಲು ಆ ಹೊಲವನ್ನೇ ಅಡವಿಟ್ಟು, ಕಂತು ಕಟ್ಟುವ ಹೊಣೆಯನ್ನು ಅಲ್ಲಿ ದುಡಿಯುವವರ ತಲೆಗೆ ಕಟ್ಟಿದ ಹಾಗಾಯಿತು. 2021ರಲ್ಲಿ 5 ಶತಕೋಟಿ ಡಾಲರ್ ವರಮಾನವಿದ್ದೂ 22 ಕೋಟಿ ಡಾಲರ್ ನಷ್ಟ ತೋರಿಸಿದ್ದ ಕಂಪನಿಗೆ ವರ್ಷಕ್ಕೆ ಸುಮಾರು 1 ಶತಕೋಟಿ ಡಾಲರ್ ಬಡ್ಡಿಯ ಹೊರೆ ಬಂದರೆ ಮೊದಲ ಕತ್ತರಿ ಎಲ್ಲಿ ಬೀಳುತ್ತದೆ ಎಂಬುದು ಲೆಕ್ಕ ಬರೆಯುವ ಯಾರಿಗಾದರೂ ಗೊತ್ತು. ಖರೀದಿಯಾದ ಸುಮಾರು ಒಂದು ವಾರಕ್ಕೆ, ಇದ್ದ ಸುಮಾರು 7,500 ನೌಕರರಲ್ಲಿ ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. 2025ರ ಮಾರ್ಚ್‌ನಲ್ಲಿ ಮಸ್ಕ್ ಅವರದೇ ಕೃತಕ ಬುದ್ಧಿಮತ್ತೆಯ ಕಂಪನಿ ಎಕ್ಸ್‌ಎಐ ಈ ತಾಣವನ್ನು ಕೊಂಡಾಗ ಸಾಲ ಕಳೆದು 33 ಶತಕೋಟಿ ಎಂದು ಬೆಲೆ ಕಟ್ಟಲಾಯಿತು. ಆ ಬೆಲೆಯನ್ನು ಹೇಳಿದವರೂ ಒಪ್ಪಿದವರೂ ಒಬ್ಬರೇ ಆಗಿರುವಾಗ ಅದನ್ನು ಮಾರುಕಟ್ಟೆಯ ಬೆಲೆಯೆಂದು ನಾನು ಪರಿಗಣಿಸುವುದಿಲ್ಲ.

ಪಾರ್ವತಿ:
ಹಣದ ಮಾತಿಗಿಂತ ನನ್ನನ್ನು ಕಾಡುವುದು ಒಬ್ಬರ ಮರ್ಜಿಯ ವೇಗ. ನೀಲಿ ಟಿಕ್ ಎಂದರೆ ಈ ಖಾತೆ ನಿಜವಾಗಿಯೂ ಇವರದ್ದೇ ಎಂಬ ಖಾತರಿ ಎಂದು ಜನ ವರ್ಷಗಳಿಂದ ನಂಬಿದ್ದರು. ಅದನ್ನು 2022ರ ನವೆಂಬರ್‌ನಲ್ಲಿ ತಿಂಗಳಿಗೆ 8 ಡಾಲರ್ ಕೊಟ್ಟ ಯಾರಿಗಾದರೂ ಸಿಗುವಂತೆ ಮಾಡಲಾಯಿತು. ಕೆಲವೇ ದಿನಗಳಲ್ಲಿ ಇನ್ಸುಲಿನ್ ತಯಾರಿಸುವ ಇಲೈ ಲಿಲಿ ಕಂಪನಿಯ ಹೆಸರಿನ ನಕಲಿ ಖಾತೆಯೊಂದು, ಪಕ್ಕದಲ್ಲಿ ನೀಲಿ ಟಿಕ್ ಇಟ್ಟುಕೊಂಡು, ಇನ್ನು ಮುಂದೆ ಇನ್ಸುಲಿನ್ ಉಚಿತ ಎಂದು ಘೋಷಿಸಿತು. ಆ ಸಾಲು ಗಂಟೆಗಟ್ಟಲೆ ಅಲ್ಲೇ ಉಳಿಯಿತು; ನಿಜವಾದ ಕಂಪನಿ ಜನರ ಕ್ಷಮೆ ಕೇಳಬೇಕಾಯಿತು. ಔಷಧಿಗಾಗಿ ಹಣ ಹೊಂದಿಸಲು ಪರದಾಡುವ ಮಧುಮೇಹಿಗಳಿರುವ ದೇಶದಲ್ಲಿ ನಡೆದದ್ದು ಇದು. ಡಿಸೆಂಬರ್‌ನಲ್ಲಿ ಮಸ್ಕ್ ಅವರ ವಿಮಾನದ ಓಡಾಟದ ವಿಷಯ ಬರೆದ ಹಲವು ಪತ್ರಕರ್ತರ ಖಾತೆಗಳನ್ನು ರಾತ್ರೋರಾತ್ರಿ ಅಮಾನತಿನಲ್ಲಿ ಇಡಲಾಯಿತು. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿಯೇ ಕೊಂಡೆ ಎಂದವರ ಆಡಳಿತಕ್ಕೆ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ.

ರಮಾನಂದ:
ತಪ್ಪುಗಳಾಗಿವೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಸರ್ಕಾರಗಳ ಒತ್ತಡವನ್ನು ಎದುರಿಸುವ ಶಕ್ತಿ ಹಣವಿರುವ ಮಾಲೀಕರಿಗೆ ಮಾತ್ರ ಇರುತ್ತದೆ. ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲೇ ಕೇಂದ್ರ ಸರ್ಕಾರದ ವಿರುದ್ಧ ಇದೇ ಕಂಪನಿ ಎರಡು ಬಾರಿ ಹೋರಾಡಿತಲ್ಲವೇ?

ವಕೀಲರೊಬ್ಬರು:
ರಮಾನಂದ ಸರ್, ಆ ಎರಡು ಪ್ರಕರಣಗಳನ್ನು ಬಿಡಿಸಿ ನೋಡಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿ ಖಾತೆ, ಬರಹಗಳನ್ನು ತಡೆಹಿಡಿಯಲು ಸರ್ಕಾರ ಕೊಟ್ಟ ಆದೇಶಗಳ ವಿರುದ್ಧ ಮೊದಲ ರಿಟ್ ಅರ್ಜಿ ಸಲ್ಲಿಕೆಯಾದದ್ದು 2022ರ ಜುಲೈನಲ್ಲಿ, ಅಂದರೆ ಕಂಪನಿ ಇನ್ನೂ ಮಸ್ಕ್ ಅವರ ಕೈಗೆ ಬರುವ ಮುಂಚೆ. ಒಬ್ಬ ಶತಕೋಟ್ಯಧೀಶರ ಒಡೆತನವಿಲ್ಲದೆಯೂ ಹೋರಾಡಲು ಸಾಧ್ಯವಿತ್ತು ಎಂದಾಯಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರು ಅದನ್ನು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿದರು. ಬರಹ ತೆಗೆಯಲು ಜಾಲತಾಣಗಳಿಗೆ ಸರ್ಕಾರ ಸೂಚನೆ ಕಳಿಸುವ ಸಹಯೋಗ್ ಪೋರ್ಟಲ್ ಅನ್ನು ಪ್ರಶ್ನಿಸಿದ ಎರಡನೆಯ ಅರ್ಜಿ ಮಸ್ಕ್ ಅವರ ಕಾಲದ್ದು ನಿಜ, ಅದೂ 2025ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. ಸಂವಿಧಾನದ 19ನೇ ವಿಧಿ ಕೊಡುವ ಮಾತಿನ ಹಕ್ಕು ನಾಗರಿಕರದ್ದು, ವಿದೇಶಿ ಕಂಪನಿ ಅದರ ರಕ್ಷಣೆ ಕೇಳಲಾಗದು ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಹೇಳಿದರು. ಬರೆದವರಿಗೆ ನೋಟಿಸ್ ಹೋಗಬೇಕು ಎಂಬುದು ಮೊದಲ ಪ್ರಕರಣದ ವಾದಗಳಲ್ಲೊಂದಾಗಿತ್ತು. ಬರೆದವರಿಗೆ ಸುದ್ದಿಯೇ ತಿಳಿಯದಿದ್ದರೆ ಅವರ ಪರವಾಗಿ ಕೋರ್ಟಿಗೆ ಹೋಗುವುದು ಮಾಲೀಕರ ಇಚ್ಛೆಗೆ ಬಿಟ್ಟ ವಿಷಯವಾಗುತ್ತದೆ. ಆ ಮಾಲೀಕರ ಉಪಗ್ರಹ ಇಂಟರ್ನೆಟ್ ಸೇವೆ ಸ್ಟಾರ್‌ಲಿಂಕ್‌ಗೆ ಪರವಾನಗಿ ಕೊಡಬೇಕಾದದ್ದೂ ಅದೇ ಕೇಂದ್ರ ಸರ್ಕಾರ. 2025ರಲ್ಲಿ ಕೊಟ್ಟಿತು ಕೂಡ. ಇದರಲ್ಲಿ ಕೊಡುಕೊಳ್ಳುವಿಕೆ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ನನ್ನ ಮಾತಿನ ಹಕ್ಕು ಅಂಥ ವ್ಯವಹಾರವಿರುವ ಒಬ್ಬರ ಧೈರ್ಯದ ಮೇಲೆ ನಿಲ್ಲಬಾರದು ಎನ್ನುತ್ತಿದ್ದೇನೆ.

ರಮಾನಂದ:
ಹಾಗಾದರೆ ಪರ್ಯಾಯ ಯಾವುದು? ಬೆಂಗಳೂರಿನ ‘ಕೂ’ ಕನ್ನಡದಲ್ಲೇ ಮೊದಲು ಶುರುವಾದ, ಟ್ವಿಟರ್‌ನಂಥದ್ದೇ ತಾಣ. ಕೈ ಹಿಡಿಯುವ ಹೂಡಿಕೆದಾರರು ಸಿಗದೆ 2024ರ ಜುಲೈನಲ್ಲಿ ಬಾಗಿಲು ಹಾಕಿತು, ಅಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದವರು ನೆಲೆ ಕಳೆದುಕೊಂಡರು. ನಷ್ಟ ಸಹಿಸುವ ಸಿರಿವಂತರಿಲ್ಲದಿದ್ದರೆ ಹೀಗೆಯೇ ಆಗುತ್ತದೆ.

ಸುಮಾ:
ಸಿರಿವಂತರ ಹಣ ಬೇಡ ಎಂದು ನಾನೂ ಹೇಳುವುದಿಲ್ಲ, ಒಡೆತನ ಬೇಡ ಎನ್ನುತ್ತೇನೆ. ವಾಟ್ಸ್ಆ್ಯಪ್ ಮಾರಾಟದಿಂದ ಶ್ರೀಮಂತರಾದ ಬ್ರಯಾನ್ ಆ್ಯಕ್ಟನ್ ಅವರು 2018ರಲ್ಲಿ 5 ಕೋಟಿ ಡಾಲರ್ ಕೊಟ್ಟು ಸಿಗ್ನಲ್ ಎಂಬ ಸಂದೇಶದ ಆ್ಯಪ್‌ಗಾಗಿ ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನವೊಂದನ್ನು ಕಟ್ಟಿದರು. ಅದನ್ನು ಇನ್ನೊಬ್ಬರು ಷೇರಿಗಿಷ್ಟೆಂದು ಬೆಲೆ ಕೂಗಿ ಕೊಳ್ಳಲಾಗದು. 44 ಶತಕೋಟಿಯಲ್ಲಿ ಇಂಥ ಎಷ್ಟು ಪ್ರತಿಷ್ಠಾನಗಳು ನಿಲ್ಲುತ್ತಿದ್ದವೋ ಲೆಕ್ಕಿಗರೇ ಹೇಳಲಿ.

ಲೆಕ್ಕಿಗ:
ಎಂಟು ನೂರ ಎಂಬತ್ತು.

ರಮಾನಂದ:
ಸಿಗ್ನಲ್ ಖಾಸಗಿ ಸಂದೇಶದ ವ್ಯವಸ್ಥೆ. ಕೋಟ್ಯಂತರ ಜನ ಒಂದೇ ಕಡೆ ಜಗಳವಾಡುವ ತಾಣವನ್ನು ನಿರ್ವಹಿಸುವ ಖರ್ಚೇ ಬೇರೆ, ಆದ್ದರಿಂದ ಆ ಹೋಲಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೊಳ್ಳುವ ಹಕ್ಕು ಇರಬೇಕು ಎಂಬ ನನ್ನ ನಿಲುವೂ ಬದಲಾಗಿಲ್ಲ. ಆದರೆ ಕೊಂಡ ಸಾಲವನ್ನು ಕೊಂಡ ಕಂಪನಿಯ ತಲೆಗೇ ಕಟ್ಟುವುದನ್ನು ಕಾನೂನು ತಡೆಯಬೇಕೆಂದರೆ ನಾನು ಲೆಕ್ಕಿಗರ ಜೊತೆಗಿದ್ದೇನೆ. ಖಾತೆ ಮುಚ್ಚುವ ಮುನ್ನ, ಮಾಲೀಕರು ಯಾರೇ ಇರಲಿ, ಬರೆದವರಿಗೆ ಕಾರಣ ತಿಳಿಸಲೇಬೇಕು ಎಂಬುದಕ್ಕೂ ನನ್ನ ಒಪ್ಪಿಗೆ ಇದೆ.