ಅಕ್ಕನಿಗೆ ಅರಿವಳಿಕೆಯ ಸ್ಕೋಲಿನ್ ಮದ್ದು ಇಳಿಯಲಿಲ್ಲ, ನಾವೂ ಪರೀಕ್ಷೆ ಮಾಡಿಸಬೇಕಾ?

ಮಧುಗಿರಿ ಹುಡುಗ:
ಈಚೆಗೆ ನಮ್ಮಕ್ಕನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಪರೇಷನ್ ಮುಗಿದರೂ ಅವಳಿಗೆ ಉಸಿರಾಡಲು ಆಗಲಿಲ್ಲ. ಗಂಟೆಗಟ್ಟಲೆ ವೆಂಟಿಲೇಟರ್‌ನಲ್ಲಿ ಇಟ್ಟಿದ್ದರು. ಹೊರಗೆ ಕೂತಿದ್ದ ನಮಗೆ ಯಾರೂ ಏನೂ ಹೇಳಲಿಲ್ಲ. ಆಮೇಲೆ ಅಕ್ಕ ಹೇಳಿದ್ದು ಕೇಳಿ ಅಮ್ಮ ಅತ್ತುಬಿಟ್ಟರು. ನರ್ಸ್‌ಗಳ ಮಾತೆಲ್ಲ ಅವಳಿಗೆ ಕೇಳಿಸುತ್ತಿತ್ತಂತೆ. ಆದರೆ ಕಣ್ಣು ಬಿಡೋಕಾಗಲಿ, ಬೆರಳು ಆಡಿಸೋಕಾಗಲಿ ಆಗುತ್ತಿರಲಿಲ್ಲವಂತೆ.

ಡಿಸ್ಚಾರ್ಜ್ ಕಾಗದದಲ್ಲಿ ‘ಸ್ಕೋಲಿನ್ ಆಪ್ನಿಯಾ, ಸ್ಯೂಡೋಕೋಲಿನ್‌ಎಸ್ಟರೇಸ್ ತುಂಬಾ ಕಡಿಮೆ’ ಎಂದಿದೆ. ನಾವು ಆರ್ಯವೈಶ್ಯರು, ಅಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದು. ಡಾಕ್ಟರ್ ಅದನ್ನೂ ಕೇಳಿದರು. ಜಾತಿಗೂ ಅರಿವಳಿಕೆಗೂ ಏನು ಸಂಬಂಧ? ಜೀನ್ ತೊಂದರೆ ಆಗಿದ್ದರೆ ಇಷ್ಟು ವರ್ಷ ಅಕ್ಕ ಚೆನ್ನಾಗಿದ್ದದ್ದು ಹೇಗೆ? ನಾನೂ ತಮ್ಮನೂ ಪರೀಕ್ಷೆ ಮಾಡಿಸಬೇಕಾ?

ದಾವಣಗೆರೆ ಅರಿವಳಿಕೆ ಡಾಕ್ಟರ್:
ಇಬ್ಬರೂ ಮಾಡಿಸಿ. ಮುಂದೂಡಬೇಡಿ.

ಗಂಟಲಿಗೆ ಉಸಿರಿನ ಕೊಳವೆ ಹಾಕುವ ಮುಂಚೆ ಸ್ನಾಯು ಸಡಿಲವಾಗಲಿ ಎಂದು ಸಕ್ಸಿನೈಲ್‌ಕೋಲಿನ್ ಕೊಡುತ್ತೇವೆ. ಥಿಯೇಟರ್‌ನಲ್ಲಿ ಎಲ್ಲರ ಬಾಯಲ್ಲೂ ಅದು ‘ಸ್ಕೋಲಿನ್’. ಕೊಟ್ಟ ಕೂಡಲೇ ಮುಖ, ಎದೆ, ಕಾಲಿನ ಸ್ನಾಯುಗಳು ಸಣ್ಣಗೆ ಅದುರುತ್ತವೆ, ಆಮೇಲೆ ಪೂರ್ತಿ ಸಡಿಲ. ರಕ್ತದಲ್ಲಿರುವ ಒಂದು ಎನ್‌ಝೈಮ್ (ನಿಮ್ಮ ಕಾಗದದಲ್ಲಿರುವ ಸ್ಯೂಡೋಕೋಲಿನ್‌ಎಸ್ಟರೇಸ್ ಇದೇ) ಈ ಮದ್ದನ್ನು ಎಷ್ಟು ಬೇಗ ಒಡೆಯುತ್ತದೆ ಅಂದರೆ, ಸುಮಾರು ಹತ್ತು ನಿಮಿಷದಲ್ಲಿ ಸ್ನಾಯುಗಳಿಗೆ ಬಲ ವಾಪಸ್ ಬರುತ್ತದೆ. ನಿಮ್ಮಕ್ಕನಲ್ಲಿ ಒಡೆಯುವವರೇ ಇರಲಿಲ್ಲ, ಉಸಿರು ನಿಂತೇ ಇತ್ತು. ಆಪ್ನಿಯಾ ಅಂದರೆ ಅದೇ.

ಎನ್‌ಝೈಮ್ ಅಂದರೆ ಪ್ರೋಟೀನ್. ಇದು ಲಿವರ್‌ನಲ್ಲಿ ತಯಾರಾಗುತ್ತದೆ. ಇದರ ಜೀನ್ 3ನೇ ಕ್ರೋಮೋಸೋಮ್‌ನಲ್ಲಿದೆ, ಹೆಸರು ಬಿಸಿಎಚ್‌ಇ. ಎನ್‌ಝೈಮ್ ಅನ್ನುವುದು 574 ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಉದ್ದನೆಯ ಸರ. ನಿಮ್ಮ ಸಮುದಾಯದಲ್ಲಿ ಕಾಣುವ ಬದಲಾವಣೆ ಇರುವುದು 307ನೇ ಜಾಗದಲ್ಲಿ. ಜೀನ್‌ನ ಒಂದೇ ಒಂದು ಅಕ್ಷರ, ‘ಟಿ’ ಹೋಗಿ ‘ಸಿ’ ಆಗಿರುತ್ತದೆ. ಅಷ್ಟಕ್ಕೇ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಪ್ರೋಲಿನ್ ಎಂಬ ಇನ್ನೊಂದು ಬಂದು ಕೂರುತ್ತದೆ. ಪ್ರೋಲಿನ್‌ನ ತುದಿ ಹಿಂದಕ್ಕೆ ತಿರುಗಿ ಸರದ ಬೆನ್ನಿಗೇ ಸೇರಿಕೊಂಡು ಉಂಗುರ ಆಗಿರುತ್ತದೆ. ಹಾಗಾಗಿ ಆ ಜಾಗ ಬೇಕಾದ ಹಾಗೆ ಬಾಗುವುದಿಲ್ಲ. ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದಿದ್ದರೆ ಕೆಲಸವೂ ಇಲ್ಲ.

ಇಷ್ಟು ವರ್ಷ ಗೊತ್ತಾಗದಿದ್ದದ್ದು ಸಹಜ. ಈ ಎನ್‌ಝೈಮ್ ಇಲ್ಲದವರೂ ಓಡಾಡಿಕೊಂಡು ಆರೋಗ್ಯವಾಗಿಯೇ ಇರುತ್ತಾರೆ. ಸ್ಕೋಲಿನ್ ಅಥವಾ ಸ್ನಾಯು ಸಡಿಲಿಸುವ ಇನ್ನೊಂದು ಮದ್ದು ಮಿವಾಕ್ಯೂರಿಯಂ ಮೈಗೆ ಹೋದಾಗ ಮಾತ್ರ ಬಯಲಾಗುತ್ತದೆ.

ಇನ್ನು ಜಾತಿ ಕೇಳಿದ್ದು. ತಲೆತಲಾಂತರದಿಂದ ಒಳಗೊಳಗೇ ಮದುವೆ ನಡೆದರೆ, ಹಿಂದೆ ಯಾರೋ ಒಬ್ಬರಲ್ಲಿದ್ದ ಬದಲಾವಣೆ ಅಲ್ಲೇ ಸುತ್ತುತ್ತಿರುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್, ಅಮೆರಿಕದ ಡೇವಿಡ್ ರೈಶ್ ಮತ್ತು ಜೊತೆಗಾರರು 2017ರಲ್ಲಿ ಬರೆದ ಲೇಖನದಲ್ಲಿ ವೈಶ್ಯರಲ್ಲಿ ಈ ಕೊರತೆ ಉಳಿದವರಿಗಿಂತ ಸುಮಾರು 100 ಪಟ್ಟು ಜಾಸ್ತಿ ಎಂದಿದ್ದಾರೆ. ಈ ಪ್ರಶ್ನೆಯನ್ನು ಆಪರೇಷನ್‌ಗೆ ಮುಂಚೆ ಕೇಳಬೇಕು. ನಾನು ಕೇಳದೆ ಸ್ಕೋಲಿನ್ ಮುಟ್ಟುವುದಿಲ್ಲ.

ಅಕ್ಕ ಎಚ್ಚರವಾಗಿದ್ದದ್ದು ಓದಿ ತುಂಬಾ ಸಂಕಟವಾಯಿತು. ಸ್ನಾಯುಗಳಿಗೆ ಬಲ ಬರುವವರೆಗೂ ನಿದ್ದೆ ಮದ್ದು ನಡೆಯುತ್ತಲೇ ಇರಬೇಕಿತ್ತು.

ಲ್ಯಾಬ್ ಸುಧಾ:
ಲ್ಯಾಬ್‌ನಲ್ಲಿ ‘ಸೀರಮ್ ಕೋಲಿನ್‌ಎಸ್ಟರೇಸ್’ ಅಂತ ಕೇಳಿ. ಕ್ರಿಮಿನಾಶಕ ಕುಡಿದವರು ಬಂದಾಗ ನಾವು ಮಾಡುವುದೂ ಇದೇ ಟೆಸ್ಟ್, ಅವರಲ್ಲೂ ಈ ಸಂಖ್ಯೆ ಇಳಿದಿರಬಹುದು. ಅದಕ್ಕೇ ಈ ಮಾತು ಮನೆಯವರಿಗೆಲ್ಲ ಗೊತ್ತಿರಲಿ. ನಾಳೆ ಅಕ್ಕ ಬೇರೇನಕ್ಕೋ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರೆ, ಆ ಸಂಖ್ಯೆ ನೋಡಿ ವಿಷ ಕುಡಿದಿದ್ದಾರೆ ಅಂದುಕೊಂಡುಬಿಡಬಹುದು. ಲಿವರ್ ಕಾಯಿಲೆಯಲ್ಲೂ ಬಸುರಿನಲ್ಲೂ ಇದು ಇಳಿಯುತ್ತದೆ, ಖಚಿತ ಬೇಕಿದ್ದರೆ ಜೀನ್ ಟೆಸ್ಟ್. ರಿಪೋರ್ಟ್‌ನಲ್ಲಿ 307 ಬದಲು 335 ಅಂತ ಇದ್ದರೆ ಗಾಬರಿ ಬೇಡ. ಸರ ತಯಾರಾದ ಮೇಲೆ ಕತ್ತರಿಸಿ ಹೋಗುವ ಮೊದಲ 28 ಆಮ್ಲಗಳನ್ನೂ ಸೇರಿಸಿ ಎಣಿಸಿರುತ್ತಾರೆ, ಅಷ್ಟೇ.

ಮಧುಗಿರಿ ಹುಡುಗ:
ತುಂಬಾ ಥ್ಯಾಂಕ್ಸ್ ಸರ್, ಮೇಡಂ. ಅಕ್ಕನಿಗೆ ಮಗಳಿದ್ದಾಳೆ. ಭಾವ ಬೇರೆ ಸಮುದಾಯದವರು. ಮಗುವಿಗೂ ಬಂದಿರುತ್ತಾ?

ದಾವಣಗೆರೆ ಅರಿವಳಿಕೆ ಡಾಕ್ಟರ್:
ಈ ಜೀನ್ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅಕ್ಕನ ಎರಡು ಪ್ರತಿಯೂ ಕೆಟ್ಟಿದ್ದರೆ ಮಗುವಿಗೆ ಒಂದು ಬಂದೇ ಬಂದಿರುತ್ತದೆ. ಭಾವನಿಂದ ಬಂದದ್ದು ಸರಿ ಇದ್ದರೆ ಭಯವಿಲ್ಲ, ಮದ್ದು ಇಳಿಯಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು. ನಿಮ್ಮ ಅಪ್ಪ ಅಮ್ಮನಲ್ಲಿ ತಲಾ ಒಂದು ಕೆಟ್ಟ ಪ್ರತಿ ಇದ್ದರೆ, ನಿಮ್ಮಿಬ್ಬರಲ್ಲಿ ಪ್ರತಿಯೊಬ್ಬರಿಗೂ ಎರಡೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಅಕ್ಕನ ಪರ್ಸ್‌ನಲ್ಲಿ ಒಂದು ಚೀಟಿ ಇಡಿ: ‘ಬಿಸಿಎಚ್‌ಇ ಕೊರತೆ. ಸಕ್ಸಿನೈಲ್‌ಕೋಲಿನ್, ಮಿವಾಕ್ಯೂರಿಯಂ ಕೊಡಬೇಡಿ.’ ಅದರ ಬದಲು ರೊಕ್ಯುರೋನಿಯಂ ಇದೆ. ಅದನ್ನು ಇಳಿಸಲು ಈ ಎನ್‌ಝೈಮ್ ಬೇಕಿಲ್ಲ.