ಅಪ್‌ಡೇಟ್: ಅಪ್ಪನ ಕಾರ್ಡ್‌ನಿಂದ ಹೋದ ದುಡ್ಡು ವಾಪಸ್ ಬಂತು

ಕಾರ್ಡ್ ಅಪ್ಪನ ಜೇಬಲ್ಲೇ ಇದ್ದರೂ ಬೇರೆ ಊರಿನ ಎಟಿಎಂನಲ್ಲಿ ಯಾರೋ ದುಡ್ಡು ತೆಗೆದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಪೂರ್ತಿ ಮೊತ್ತ ಖಾತೆಗೆ ಬಂತು!

ನೀವು ಹೇಳಿದಂತೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಶಾಖೆಯಲ್ಲಿ ಮೊದಲ ಪ್ರಶ್ನೆಯೇ "ಪಿನ್ ಯಾರಿಗೆ ಹೇಳಿದ್ರಿ?" ಅಪ್ಪನಿಗೆ ಸಿಟ್ಟು ಬಂತು. ಕೆಲಸಕ್ಕೆ ಬಂದಿದ್ದು ಹಾಸನದ ಪೆಟ್ರೋಲ್ ಬಂಕಿನ ರಸೀದಿ. ಅಲ್ಲಿ ದುಡ್ಡು ಹೋದ ಹೊತ್ತಿಗೇ ಇಲ್ಲಿ ಅಪ್ಪ ಅದೇ ಕಾರ್ಡ್ ಉಜ್ಜಿದ್ದರು. ಸಮಯ ಅದರಲ್ಲೇ ಅಚ್ಚಾಗಿತ್ತು. ದೂರಿನ ಪ್ರತಿಗೆ ಸೀಲ್ ಹಾಕಿಸಿಕೊಳ್ಳದೆ ನಾವು ಜಾಗ ಬಿಟ್ಟು ಏಳಲಿಲ್ಲ.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನೂ ತೋರಿಸಿದೆ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದಾಗ, ದುಡ್ಡು ಹೋದ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ. ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿಯಾದರೂ ಜಮಾ ಮಾಡಬೇಕು.

ಹೊಸ ಕಾರ್ಡ್‌ನಲ್ಲಿ ವಿದೇಶಿ, ಆನ್‌ಲೈನ್ ವ್ಯವಹಾರ ಎರಡೂ ಬಂದ್. ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಾಕು, ಪಿನ್ ಇಲ್ಲದೆ 5,000 ರೂಪಾಯಿವರೆಗೆ ಹೋಗುವ ಟ್ಯಾಪ್ ಕೂಡ ಆಫ್. ಎಲ್ಲವನ್ನೂ ಆ್ಯಪ್‌ನಲ್ಲೇ ಮಾಡಬಹುದು, ಸುಮ್ನೆ ಬ್ಯಾಂಕಿಗೆ ಅಲೆಯಬೇಕಿಲ್ಲ. ಅಪ್ಪ ಈಗ ಪಿನ್ ಒತ್ತುವಾಗ ಕೀಪ್ಯಾಡ್ ಮೇಲೆ ಎಷ್ಟು ಬಗ್ಗುತ್ತಾರೆ ಅಂದರೆ ಅವರಿಗೇ ಅಂಕಿ ಕಾಣಿಸಲ್ಲ!

ಹೊಸ ಕಾರ್ಡ್‌ಗೆ ಶುಲ್ಕ ಅಂತ ದುಡ್ಡು ಹಿಡಿದಿದ್ದಾರೆ. ಅದನ್ನು ಸೋಮವಾರ ಹೋಗಿ ಕೇಳಬೇಕು.